ಮಹಡಿ ಮೇಲಿನ ಫೋರ್ಟ್ರಾನ್ ಮೇಡಂ

ನಮ್ಮ ಮಹಡಿ ಮನೆಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ನೇತುಹಾಕಿ ಮೂರು ತಿಂಗಳಾಯಿತು. ನಂಜನಗೂಡಿನಲ್ಲಿ, ಅದೂ ರೈಲ್ವೆ ಸ್ಟೇಷನ್ನಿಗೆ ಇಷ್ಟು ಹತ್ತಿರದಲ್ಲಿ, ಮನೆ ಖಾಲಿ ಉಳಿಯುವುದೇ ಅಪರೂಪ. ತಾಂಡ್ಯದ ಫ್ಯಾಕ್ಟರಿಗಳಿಗೆ ಹೊಸದಾಗಿ ಸೇರಿದವರು ವಾರಕ್ಕೊಬ್ಬರಾದರೂ ಬಂದು ಕೇಳುತ್ತಾರೆ. ನನ್ನ ಹೆಂಡತಿ ಸುಶೀಲ ಎಲ್ಲರಿಗೂ ಒಂದೊಂದು ಕೊಂಕು ತೆಗೆದು ಕಳಿಸುತ್ತಾಳೆ. ಒಬ್ಬನ ಬೈಕು ಸದ್ದು ಜಾಸ್ತಿ, ಇನ್ನೊಬ್ಬರ ಮಕ್ಕಳು ತುಂಟರು, ಮತ್ತೊಬ್ಬರು ತೀರಾ ಗಂಭೀರ. ‘ಹಂಗಾದ್ರೆ ಬೋರ್ಡು ಯಾಕೆ ಹಾಕ್ಸ್ದೆ?’ ಎಂದರೆ, ‘ಇರ್ಲಿ ಬುಡಿ, ಸರಿಯಾದೋರು ಬತ್ತರೆ’ ಎನ್ನುತ್ತಾಳೆ. ಅವಳ ಲೆಕ್ಕದಲ್ಲಿ ಸರಿಯಾದವರು ಎಂದರೆ ಮೊದಲು ಅಲ್ಲಿದ್ದ ಮೇಡಂ ಒಬ್ಬರೇ. ಅವರು ಇನ್ನು ಬರುವಂತಿಲ್ಲ.

ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಆ ಹೆಸರು ಯಾರಿಗೂ ಬೇಕಾಗಿಯೂ ಇರಲಿಲ್ಲ. ಬೀದಿಗೆ ಅವರು ಮಳೆ ಮೇಡಂ, ಸುಶೀಲಳಿಗೆ ಮೇಡಮ್ಮ, ನನಗೆ ಫೋರ್ಟ್ರಾನ್ ಮೇಡಂ. ನಾನು ಅವರಿಗೆ ‘ಶಾಮಿಯಾನದವ್ರೇ’. ಕೆಳಗಡೆ ನನ್ನದು ಶಾಮಿಯಾನದ ಅಂಗಡಿ. ಪಾತ್ರೆ, ಕುರ್ಚಿ, ತಗಡಿನ ಚಪ್ಪರ, ಸ್ಟೇಜು ಎಲ್ಲ ಬಾಡಿಗೆಗೆ ಕೊಡುತ್ತೇನೆ. ಬಿ.ಎ.ಯಲ್ಲಿ ಕನ್ನಡ ಓದಿದ್ದರ ಫಲವೆಂದರೆ ಬೋರ್ಡಿನಲ್ಲಿ ಕಾಗುಣಿತದ ತಪ್ಪಿಲ್ಲ.

ಮನೆ ನೋಡಲು ಬಂದ ದಿನ ಅವರು ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ನೇರ ತಾರಸಿಗೆ ಹತ್ತಿ, ಬದನವಾಳಿನ ಖಾದಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕು ದಿಕ್ಕಿಗೂ ತಿರುಗಿ ನಿಂತು ನೋಡಿದರು.

‘ಆಕಾಶ ಚೆನ್ನಾಗಿದೆ. ಯಾವಾಗಿಂದ ಬರ್ಲಿ?’ ಎಂದರು.

‘ಆಕಾಶಕ್ಕೆ ಬಾಡಿಗೆ ಇಲ್ಲ ಮೇಡಂ, ಮನೆ ನೋಡಿ’ ಎಂದೆ.

‘ಮನೆ ಎಲ್ಲಾ ಕಡೆನೂ ಇರತ್ತೆ ಕಣ್ರೀ’ ಎಂದು ಅಡ್ವಾನ್ಸ್ ಕೈಗಿಟ್ಟರು. ತಾಯಿಯ ತವರು ಈ ಕಡೆ, ಮದುವೆ ಆಗಿಲ್ಲ, ಒಬ್ಬ ತಮ್ಮ ಪುಣೆಯಲ್ಲಿದ್ದಾನೆ, ಕೆಲಸದಿಂದ ನಿವೃತ್ತಿ ಆಗಿದೆ: ತಮ್ಮ ಬಗ್ಗೆ ಅವತ್ತು ಅವರು ಹೇಳಿದ್ದು ಇಷ್ಟೇ.

ಸಾಮಾನು ಬಂದಾಗ ನಮಗೆ ಆಶ್ಚರ್ಯವಾಯಿತು. ಒಂದು ಸ್ಟೀಲ್ ಬೀರು, ಎರಡು ಕಂಪ್ಯೂಟರು, ನಾಲ್ಕು ಪಾತ್ರೆ, ಮತ್ತು ಒಂದು ರಟ್ಟಿನ ಪೆಟ್ಟಿಗೆ ತುಂಬ ತೂತು ಹೊಡೆದ ಉದ್ದುದ್ದ ಕಾರ್ಡುಗಳು. ಹಿಂದಿನ ಕಾಲದಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಕೊಡುತ್ತಿದ್ದದ್ದು ಹಾಗೆ ತೂತು ಹೊಡೆದ ಕಾರ್ಡುಗಳಲ್ಲಂತೆ. ಉಳಿದ ಕಾರ್ಡುಗಳ ಬೆನ್ನಿಗೆ ಮೇಡಂ ಸೊಪ್ಪು ತರಕಾರಿ ಚೀಟಿ ಬರೆಯುತ್ತಿದ್ದರು. ಬರೆಯುವಾಗ ಎಡಗಡೆ ಒಂದಿಷ್ಟು ಜಾಗ ಖಾಲಿ ಬಿಟ್ಟೇ ಶುರುಮಾಡುತ್ತಿದ್ದರು. ‘ಅಲ್ಯಾಕೆ ಬಿಟ್ಟಿದೀರಾ?’ ಎಂದು ಸುಶೀಲ ಒಮ್ಮೆ ಕೇಳಿದಳು. ‘ಫೋರ್ಟ್ರಾನ್‌ನಲ್ಲಿ ಮೊದಲ ಆರು ಮನೆ ಬಿಟ್ಟೇ ಬರೀಬೇಕಿತ್ತಮ್ಮ, ಕಂಪ್ಯೂಟರ್ ಭಾಷೆ ಅದು. ಕೈಗೆ ಅಭ್ಯಾಸ ಆಗ್ಬಿಟ್ಟಿದೆ’ ಎಂದರು. ಸುಶೀಲ ಕೆಳಗೆ ಬಂದವಳೇ, ‘ಮೇಡಮ್ಮಂಗೆ ಏನೋ ಮಡಿ ಇದೆ ಕಣ್ರೀ. ಆರು ಮನೆ ಬುಡಬೇಕಂತೆ’ ಎಂದಳು.

ಅವರು ಹವಾಮಾನದ ಕಚೇರಿಯೊಂದರಲ್ಲಿ ಕೆಲಸ ಮಾಡಿದವರು ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಶಾಮಿಯಾನದವನಿಗೆ ಮಳೆಗಿಂತ ದೊಡ್ಡ ಶತ್ರುವಿಲ್ಲ. ಅಂಥವನ ಮಹಡಿ ಮೇಲೆ ಮಳೆಯನ್ನೇ ಬಲ್ಲವರು ಬಂದು ಕೂತಿದ್ದಾರೆ! ಊರೆಲ್ಲ ಡಂಗುರ ಹೊಡೆದೆ.

ಡಂಗುರದ ಮೊದಲ ಫಲ ಸಿಕ್ಕಿದ್ದು ಹದಿನಾರು ಗ್ರಾಮದ ಗೌಡರೊಬ್ಬರಿಗೆ. ಮಗಳ ಮದುವೆ ಮುಗಿಸಿ ಬೀಗರ ಊಟಕ್ಕೆ ಚಪ್ಪರ ಹೇಳಲು ಬಂದಿದ್ದರು. ಬಟ್ಟೆಯ ಶಾಮಿಯಾನ ಸಾಕೋ, ತಗಡಿನ ಚಪ್ಪರವೇ ಬೇಕೋ ಎಂಬುದು ಪ್ರಶ್ನೆ. ಅಷ್ಟರಲ್ಲಿ ಮೇಡಂ ಮೆಟ್ಟಿಲಿಳಿದು ಬಂದರು.

‘ಅಮ್ಮಾರೇ, ಭಾನುವಾರ ಮಳೆ ಎಂಗೆ?’ ಎಂದು ಗೌಡರು ಕೈಮುಗಿದರು.

ಮೇಡಂ ಫೋನು ನೋಡಿದರು. ‘ಅರವತ್ತು ಪರ್ಸೆಂಟ್’ ಎಂದು ಹೇಳಿ ಸೊಪ್ಪು ತರಲು ಹೋದರು.

ಗೌಡರ ಮುಖ ಅರಳಿತು. ‘ಅರವತ್ತು ಅಂದ್ರೆ ಫಸ್ಟ್ ಕ್ಲಾಸು! ಬಟ್ಟೇದೇ ಆಕ್ಬುಡಿ ಸಾ.’

ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಭಾನುವಾರ ಮಧ್ಯಾಹ್ನ ಎರಡನೇ ಪಂಕ್ತಿಗೆ ಮುದ್ದೆ ಬಿದ್ದು ಸಾರು ಬೀಳುವ ಹೊತ್ತಿಗೆ ಮಳೆ ಹೊಯ್ಯಿತು. ಬೀಗರು ಒಂದು ಕೈಯಲ್ಲಿ ನನ್ನ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹಿಡಿದು ಇನ್ನೊಂದು ಕೈಯಲ್ಲಿ ಊಟ ಮಾಡಿದರು. ಗಂಡಿನ ಸೋದರಮಾವನ ಎಲೆಯಲ್ಲಿ ಮುದ್ದೆ ತೇಲಿತು. ಮಾರನೆಯ ದಿನ ಗೌಡರು ಬಂದು ಮಹಡಿ ಕಡೆ ಕೈ ತೋರಿಸಿ ಕೂಗಾಡಿದರು. ಮೇಡಂ ಕೆಳಗಿಳಿದು ಬಂದು ಎಲ್ಲವನ್ನೂ ಕೇಳಿ, ಅಂಗಡಿಯ ಜಮಖಾನದ ಸುರುಳಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

‘ಗೌಡ್ರೇ, ಅರವತ್ತು ಮಾರ್ಕ್ಸ್ ನಾನು ಮಳೆಗೆ ಕೊಟ್ಟಿದ್ದು. ನೀವು ಬಿಸಿಲಿಗೆ ಕೊಟ್ಕೊಂಡ್ರಿ!’

ಗೌಡರು ಸ್ವಲ್ಪ ಹೊತ್ತು ಯೋಚಿಸಿ ತಾವೂ ನಕ್ಕುಬಿಟ್ಟರು. ಆಮೇಲೆ ವರ್ಷಕ್ಕೊಂದು ಗೊನೆ ರಸಬಾಳೆ ಮೇಡಂಗೆ ಕಳಿಸುತ್ತಿದ್ದರು. ‘ಮಳೆ ಎಂಗೆ?’ ಎಂದು ಮಾತ್ರ ಇನ್ನೊಮ್ಮೆ ಕೇಳಲಿಲ್ಲ.

ಅವತ್ತೇ ಮೇಡಂ ನನಗೆ ತಮ್ಮ ಕೆಲಸ ಏನೆಂದು ಬಿಡಿಸಿ ಹೇಳಿದ್ದು. ‘ನಾನು ಮಳೆ ಹೇಳೋಳಲ್ಲ ಕಣ್ರೀ. ಮಳೆ ಲೆಕ್ಕ ಹಾಕೋ ಪ್ರೋಗ್ರಾಂ ಇದೆಯಲ್ಲ, ಅದು ಮನೆಯಷ್ಟು ದೊಡ್ಡದು. ಗಾಳೀದು ಒಬ್ರು, ಬಿಸಿಲಿಂದು ಒಬ್ರು, ಸಮುದ್ರದ್ದು ಒಬ್ರು ಬರ್ದಿದ್ದಾರೆ. ಮೋಡದಲ್ಲಿರೋ ನೀರು ಯಾವಾಗ ಹನಿಯಾಗಿ ಕೆಳಗೆ ಬೀಳತ್ತೆ ಅನ್ನೋ ಒಂದು ತುಂಡು ಮಾತ್ರ ನಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದದ್ದು. ಫೋರ್ಟ್ರಾನ್ ಅನ್ನೋ ಭಾಷೇಲಿ.’

‘ಆ ಭಾಷೆ ಈಗ್ಲೂ ಇದೆಯಾ?’

‘ಇದೆ ಅಂದ್ರೆ! ನಿಮ್ಮ ಫೋನಲ್ಲಿ ಮೋಡದ ಚಿತ್ರ ಬರತ್ತಲ್ಲ, ಅದರ ಹಿಂದೆ ಎಲ್ಲೋ ಒಂದು ದೊಡ್ಡ ಯಂತ್ರ ಫೋರ್ಟ್ರಾನ್‌ನಲ್ಲಿ ಲೆಕ್ಕ ಹಾಕಿರತ್ತೆ.’ ಇಡೀ ಭೂಮಿಯನ್ನು ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೂ ಗಾಳಿ, ಬಿಸಿಲು, ನೀರಿನ ಲೆಕ್ಕ ಹಾಕುತ್ತಾರಂತೆ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೈಸೂರು, ನಂಜನಗೂಡು, ತಿರುಮಕೂಡಲು ನರಸೀಪುರ ಎಲ್ಲ ಸೇರಿ ಒಂದೇ ಚೌಕ. ಮಳೆ ಬಂದರೆ ಮೂರೂ ಊರಿಗೆ ಬರಬೇಕು, ಇಲ್ಲದಿದ್ದರೆ ಯಾರಿಗೂ ಇಲ್ಲ. ‘ಈಗ ಚೌಕ ಚಿಕ್ಕದಾಗಿದೆ. ನಿಮಗೂ ನಿಮ್ಮ ಅಕ್ಕನ ಮನೆಗೂ ಬೇರೆ ಬೇರೆ ಮಳೆ’ ಎಂದರು. ನನ್ನ ಅಕ್ಕನನ್ನು ನರಸೀಪುರಕ್ಕೆ ಕೊಟ್ಟಿರುವುದು ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿತ್ತು.

ನಿವೃತ್ತರಾದರೂ ಅವರಿಗೆ ಕಚೇರಿಯಿಂದ ಫೋನು ತಪ್ಪುತ್ತಿರಲಿಲ್ಲ. ಹೊಸಬರಿಗೆ ಹಳೆಯ ಫೋರ್ಟ್ರಾನ್ ಓದಲು ಬರುತ್ತಿರಲಿಲ್ಲವಂತೆ. ‘ಹಳಗನ್ನಡ ಓದೋಕೆ ಪಂಡಿತರನ್ನ ಕರೀತಾರಲ್ಲ, ಹಂಗೆ’ ಎಂದೆ, ನನ್ನ ಬಿ.ಎ. ಜ್ಞಾನ ತೋರಿಸುತ್ತ. ಮೇಡಂಗೆ ಕೋಪ ಬಂತು. ‘ಹಳಗನ್ನಡದಲ್ಲಿ ಈಗ ಯಾರಾದ್ರೂ ಸೊಪ್ಪು ಕೊಳ್ತಾರೇನ್ರೀ? ಫೋರ್ಟ್ರಾನ್ ಇವತ್ತು ಬೆಳಗ್ಗೆನೂ ಓಡಿದೆ’ ಎಂದರು. ಆ ಹೋಲಿಕೆಯನ್ನು ಮತ್ತೆ ಎತ್ತಲಿಲ್ಲ.

ಅವರಿಗೆ ಸರಿಸಾಟಿಯಾಗಿ ವಾದ ಮಾಡುತ್ತಿದ್ದದ್ದು ನನ್ನ ಭಾವ ಒಬ್ಬರೇ. ಭಾವ ನರಸೀಪುರದ ಕಡೆ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ನಮ್ಮ ಮನೆಗೆ ಬಂದಾಗಲೆಲ್ಲ ನೆಪ ಮಾಡಿಕೊಂಡು ಮಹಡಿ ಹತ್ತುತ್ತಿದ್ದರು.

‘ಫೋರ್ಟ್ರಾನ್ ಸತ್ತೋಯ್ತು ಮೇಡಂ. ಈಗೇನಿದ್ರೂ ಪೈಥಾನ್. ನಮ್ಮ ಹುಡುಗ್ರು ಬೇರೆ ಹೆಸ್ರೇ ಕೇಳಿಲ್ಲ.’

‘ಪೈಥಾನ್ ಅಂದ್ರೆ ಹೆಬ್ಬಾವು ತಾನೇ? ಒಳ್ಳೇದೇ. ನಾನೂ ಬಳಸ್ತೀನಿ. ಆದ್ರೆ ದೊಡ್ಡ ಲೆಕ್ಕ ಮಾಡುವಾಗ ಅದರ ಹೊಟ್ಟೆ ಬಗೆದು ನೋಡಿ, ಒಳಗೆ ನಮ್ಮ ಫೋರ್ಟ್ರಾನ್ ಇರತ್ತೆ. ಅದನ್ನ ನುಂಗ್ಕೊಂಡೇ ನಿಮ್ಮ ಹಾವು ಇಷ್ಟು ದಪ್ಪ ಆಗಿರೋದು.’

ಭಾವ ಸೋತರೆ ಸುಮ್ಮನಾಗುವ ಆಸಾಮಿಯಲ್ಲ. ‘ಆದ್ರೂ ಎಷ್ಟೊಂದು ವಿಚಿತ್ರ ಕಟ್ಟಳೆ ಮೇಡಂ ಅದ್ರಲ್ಲಿ’ ಎಂದು ಇನ್ನೊಂದು ಕಡೆಯಿಂದ ಹಿಡಿದರು. ಆಗ ಮೇಡಂ ಒಂದು ಕಟ್ಟಳೆಯನ್ನು ವಿವರಿಸಿದರು. ಲೆಕ್ಕದಲ್ಲಿ ಬರುವ ಒಂದೊಂದು ಅಂಕಿಗೂ ಪ್ರೋಗ್ರಾಂ ಬರೆಯುವವರು ಹೆಸರಿಡಬೇಕು. ಆ ಹೆಸರು ಇಂಗ್ಲಿಷಿನ ಐ ಅಕ್ಷರದಿಂದ ಎನ್ ಅಕ್ಷರದವರೆಗಿನ ಯಾವುದರಿಂದಲಾದರೂ ಶುರುವಾದರೆ, ನಾವು ಬೇರೆ ಹೇಳದ ಹೊರತು, ಯಂತ್ರ ಅದನ್ನು ಪೂರ್ಣ ಸಂಖ್ಯೆ ಎಂದೇ ಹಿಡಿಯುತ್ತದೆ. ಒಂದು, ಎರಡು, ಮೂರು, ಅಷ್ಟೇ. ಉಳಿದ ಅಕ್ಷರಗಳಿಂದ ಶುರುವಾದ ಹೆಸರಿನಲ್ಲಿ ಮಾತ್ರ ಅರ್ಧ, ಕಾಲು, ಮುಕ್ಕಾಲುಗಳಿಗೆ ಜಾಗ.

‘ಅಂದ್ರೆ ನಂಜನಗೂಡು ಎನ್. ಪೂರ್ಣ. ನಿಮ್ಮದು ಟಿ. ಬರೀ ಚಿಲ್ಲರೆ’ ಎಂದರು ಮೇಡಂ.

ಭಾವನಿಗೆ ಊರಿನ ಅಭಿಮಾನ ಕೆರಳಿತು. ‘ನರಸೀಪುರಾನೂ ಎನ್ನೇ ಅಲ್ವಾ ಮೇಡಂ?’

‘ಮುಂದೆ ಟೀ ಕೂರಿಸ್ಕೊಂಡಿದೀರಲ್ಲ. ಯಂತ್ರ ಮೊದಲನೇ ಅಕ್ಷರ ಮಾತ್ರ ನೋಡತ್ತೆ.’

ಭಾವ ಆ ದಿನ ಕಾಫಿಯನ್ನೂ ಕುಡಿಯದೆ ಹೊರಟರು. ಮುಂದಿನ ಭಾನುವಾರ ಮತ್ತೆ ಬಂದರು.

ಹೀಗೆ ಸುಖವಾಗಿ ಸಾಗುತ್ತಿದ್ದ ಸಂಸಾರಕ್ಕೆ ಚೈತ್ರಾ ಬಂದಳು. ಮೇಡಂ ಹಿಂದೆ ಕೆಲಸ ಮಾಡಿದ ಕಚೇರಿಯ ಹುಡುಗಿ, ದಾವಣಗೆರೆ ಕಡೆಯವಳು, ಬೆನ್ನಿಗೊಂದು ಚೀಲ, ಕಿವಿಗೊಂದು ವೈರು. ಇಡೀ ಮಳೆ ಪ್ರೋಗ್ರಾಮನ್ನು ಹೊಸ ಭಾಷೆಗೆ ತಿರುಗಿಸುವ ಕೆಲಸ ಅಲ್ಲಿ ಶುರುವಾಗಿತ್ತು. ಮೇಡಂ ಬರೆದ ತುಂಡು ಚೈತ್ರಾಳ ಪಾಲಿಗೆ ಬಂದಿತ್ತು. ತಿರುಗಿಸಿದ್ದಳು. ಆದರೆ ಅವಳ ಹೊಸ ಪ್ರೋಗ್ರಾಮಿನಲ್ಲಿ ದಿನಾ, ಎಲ್ಲ ಕಡೆ, ಒಂದಿಷ್ಟು ತುಂತುರು ಬೀಳುತ್ತಿತ್ತು. ಹಳೆಯದರಲ್ಲಿ ಅದು ಇರಲಿಲ್ಲ. ಎಷ್ಟು ಹುಡುಕಿದರೂ ತಪ್ಪು ಸಿಕ್ಕದೆ, ‘ಬರೆದವರನ್ನೇ ಕೇಳಿಬಿಡೋಣ’ ಎಂದು ರೈಲು ಹತ್ತಿ ಬಂದಿದ್ದಳು.

ಮೇಡಂ ಹಬ್ಬ ಬಂದವರಂತೆ ಓಡಾಡಿದರು. ‘ನೋಡಿದ್ರಾ ಶಾಮಿಯಾನದವ್ರೇ, ಹೊಸ ಭಾಷೆಗೆ ಶೀತ ಆಗಿದೆ. ಮೂಗು ಸೋರ್ತಾ ಇದೆ’ ಎಂದು ನನಗೆ ಹೇಳಿದರು. ಭಾವನಿಗೂ ಫೋನು ಮಾಡಿ ಹೇಳಿದರು. ಚೈತ್ರಾ ನಮ್ಮ ಮನೆಯಲ್ಲೇ ಉಳಿದಳು. ಇಬ್ಬರೂ ಎರಡು ಕಂಪ್ಯೂಟರ್ ಎದುರೆದುರು ಇಟ್ಟುಕೊಂಡು, ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು, ಸಾಲು ಸಾಲಾಗಿ ಓದುತ್ತಾ ಕೂತರು. ಸುಶೀಲ ಹೊತ್ತು ಹೊತ್ತಿಗೆ ಊಟ ಕಳಿಸಿದಳು.

ಒಂದು ಮಧ್ಯಾಹ್ನ ನಿಪ್ಪಟ್ಟು, ಕಾಫಿ ಹಿಡಿದು ನಾನೇ ಮೇಲೆ ಹೋದೆ. ಮೇಡಂ ಪರದೆಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಚೈತ್ರಾ ನೆಲ ನೋಡುತ್ತಿದ್ದಳು. ನಾನು ತಟ್ಟೆ ಎಲ್ಲಿಡಲಿ ಎಂದು ತಿಳಿಯದೆ ನಿಂತೆ.

‘ಚೈತ್ರಾ, ನಿಂಗೆ ಗೊತ್ತಿತ್ತಾ?’ ಎಂದರು ಮೇಡಂ.

‘ಮೊನ್ನೆ ಗೊತ್ತಾಯ್ತು ಮೇಡಂ.’

‘ಹೇಳ್ಬಾರ್ದಿತ್ತಾ?’

‘ಹೇಳೋಕೆ ಬಾಯಿ ಬರ್ಲಿಲ್ಲ.’

ಆದದ್ದು ಇಷ್ಟು. ಮೋಡದಿಂದ ಎಷ್ಟು ನೀರು ಬೀಳುತ್ತದೆ ಎಂಬ ಅಂಕಿಗೆ ಮೇಡಂ ವಯಸ್ಸಿನ ಹುರುಪಿನಲ್ಲಿ ಕನ್ನಡದ ಹೆಸರಿಟ್ಟಿದ್ದರು: ಮಳೆ. ಇಂಗ್ಲಿಷ್ ಅಕ್ಷರದಲ್ಲಿ ಎಂ, ಎ, ಎಲ್, ಇ. ಕಚೇರಿಯಲ್ಲಿ ಕನ್ನಡ ಬಾರದವರೆಲ್ಲ ಅದನ್ನು ‘ಮೇಲ್’ ಎಂದು ಓದಿ, ಮಳೆಯ ಲೆಕ್ಕದಲ್ಲಿ ಗಂಡಸು ಯಾಕೆ ಬಂದ ಎಂದು ತಲೆ ಕೆರೆದುಕೊಳ್ಳುತ್ತಿದ್ದರಂತೆ. ಮೇಡಂಗೆ ಅದೊಂದು ಗುಟ್ಟಿನ ಖುಷಿ. ಆದರೆ ಹೆಸರು ಎಂ ಅಕ್ಷರದಿಂದ ಶುರುವಾಗಿತ್ತು. ಬೇರೆ ಹೇಳುವುದನ್ನು ಅವರು ಮರೆತಿದ್ದರು. ಯಂತ್ರ ಅದನ್ನು ಪೂರ್ಣ ಸಂಖ್ಯೆ ಎಂದು ಹಿಡಿದು, ಒಂದಕ್ಕಿಂತ ಕಡಿಮೆ ಇದ್ದ ಮಳೆಯನ್ನೆಲ್ಲ ಸೊನ್ನೆ ಮಾಡಿಬಿಟ್ಟಿತ್ತು. ಇಷ್ಟು ವರ್ಷವೂ ತುಂತುರು ಮಳೆ ಲೆಕ್ಕಕ್ಕೇ ಬಂದಿರಲಿಲ್ಲ. ಹೊಸ ಭಾಷೆಯಲ್ಲಿ ಚೈತ್ರಾ ಸರಿಯಾಗಿ ಬರೆದಿದ್ದಳು. ಅದಕ್ಕೇ ಅಲ್ಲಿ ತುಂತುರು ಕಾಣಿಸಿತ್ತು.

‘ನಾನು ನಿಮ್ಮ ಭಾವನವರಿಗೆ ಪಾಠ ಹೇಳಿದ ಕಟ್ಟಳೇಲಿ ನಾನೇ ಬಿದ್ದಿದೀನಿ’ ಎಂದರು ಮೇಡಂ. ನಗಲು ನೋಡಿದರು, ಆಗಲಿಲ್ಲ.

ಮಾರನೆಯ ದಿನ ಚೈತ್ರಾ ತಪ್ಪನ್ನು ತಿದ್ದಿ ಇಡೀ ಪ್ರೋಗ್ರಾಮನ್ನು ಓಡಿಸಿ ನೋಡಬೇಕೆಂದು ಕಚೇರಿಗೆ ವಾಪಸು ಹೋದಳು. ಮೇಡಂ ಮಹಡಿಯಿಂದ ಇಳಿಯುವುದನ್ನೇ ನಿಲ್ಲಿಸಿದರು. ಸೊಪ್ಪು ಬೇಡ, ತಾರಸಿ ಬೇಡ. ಸುಶೀಲ ಕಳಿಸಿದ ಊಟ ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ‘ನಲವತ್ತು ವರ್ಷ ಇದೊಂದನ್ನೇ ನನ್ನದು ಅಂತ ಹೇಳ್ಕೊಂಡು ತಿರುಗಿದ್ದು ಕಣಮ್ಮ’ ಎಂದಿದ್ದರಂತೆ ಅವಳ ಹತ್ತಿರ. 

ಆ ವಾರವೇ ಅಕ್ಕ ಭಾವನ ಹೊಸ ಮನೆಯ ಗೃಹಪ್ರವೇಶ. ಚಪ್ಪರ ನನ್ನದೇ. ಮೇಡಂ ಬರುವುದಿಲ್ಲ ಎಂದರು. ಸುಶೀಲ ಮೇಲೆ ಹೋಗಿ ಅವರ ಬೀರು ತೆಗೆದು, ಒಂದು ಸೀರೆ ಆರಿಸಿ ಮಂಚದ ಮೇಲಿಟ್ಟು, ‘ಉಟ್ಕೊಳ್ಳಿ ಮೇಡಮ್ಮ, ಟೆಂಪೋ ನಿಂತದೆ’ ಎಂದಳಂತೆ. ನಿಂತಿದ್ದು ಶಾಮಿಯಾನದ ಟೆಂಪೋ. ಡ್ರೈವರ್ ಪಕ್ಕದಲ್ಲಿ ಮೇಡಂ ಮತ್ತು ಸುಶೀಲ, ಹಿಂದೆ ಕಂಬಗಳ ಮೇಲೆ ನಾನು. ಹೀಗೆ ನರಸೀಪುರ ತಲುಪಿದೆವು.

ಊಟ ಆದ ಮೇಲೆ ಚಪ್ಪರದ ಕೆಳಗೆ ಒಂದು ಗುಂಪು ಕೂತಿತ್ತು. ಭಾವ ಎಂದಿನಂತೆ, ‘ಏನ್ ಮೇಡಂ, ನಿಮ್ಮ ಫೋರ್ಟ್ರಾನ್ ಇವತ್ತಿನ ಮಳೆಗೆ ಏನಂತದೆ?’ ಎಂದು ಕೆಣಕಿದರು.

ಮೇಡಂ ಎಲ್ಲರ ಎದುರಿಗೆ, ಒಂದನ್ನೂ ಬಿಡದೆ, ನಡೆದದ್ದೆಲ್ಲ ಹೇಳಿದರು. ‘ನೀವೇ ಗೆದ್ರಿ. ನನ್ನ ತುಂಡಿನಲ್ಲೇ ತಪ್ಪಿತ್ತು. ಇಷ್ಟು ವರ್ಷ ತುಂತುರು ಮಳೇನೇ ನುಂಗಿಬಿಟ್ಟಿದ್ದೆ’ ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಗೆದ್ದ ಭಾವನ ಮುಖ ನೋಡುವಂತಿರಲಿಲ್ಲ. ಇಷ್ಟು ದಿನ ಸೋಲಿಸಲು ಹೋರಾಡಿದವರು, ಈಗ ಎದುರಾಳಿ ಕೈಚೆಲ್ಲಿದ್ದನ್ನು ನೋಡಲಾಗದೆ, ‘ಅಯ್ಯೋ, ಅದೇನ್ ಮಹಾ ಮೇಡಂ, ಬಿಡಿ’ ಎಂದು ತಡವರಿಸಿದರು. 

ಭಾವನ ತಾಯಿ ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. ಎಂಬತ್ತು ದಾಟಿದ ಜೀವ, ಹೊಲ ಉತ್ತು ಬೆಳೆದು ಮಗನನ್ನು ಓದಿಸಿದವರು. ‘ಏನವ್ವ ಅದು ಅಳೋ ಸಂಗ್ತಿ?’ ಎಂದು ಕೇಳಿದರು.

‘ಫೋನಲ್ಲಿ ಬರೋ ಮಳೆ ಲೆಕ್ಕದಲ್ಲಿ ತುಂತುರು ಬಿಟ್ಟೋಗಿತ್ತಂತೆ ಕಣಮ್ಮ, ಇವ್ರು ಬರೆದಿದ್ರಲ್ಲಿ’ ಎಂದರು ಭಾವ.

ಅಜ್ಜಿ ಬಾಯಿಯ ರಸವನ್ನು ಪಕ್ಕಕ್ಕೆ ಉಗಿದು ಮೇಡಂ ಕಡೆ ತಿರುಗಿದರು. ‘ಅಲ್ಲ ಕಣವ್ವ, ನಾವು ಯಾವತ್ತು ಆ ಫೋನು ನೋಡ್ಕಂಡು ಬಿತ್ತಿದ್ದು? ನಾವು ನೋಡೋದು ಭರಣಿ ಮಳೆ ಬತ್ತಾ ಇಲ್ವಾ ಅಂತ. ನಿನ್ ಪಾಡ್ಗೆ ನೀನು ತಪ್ಪು ಮಾಡ್ಕಂಡಿದ್ದೆ, ನಮ್ ಪಾಡ್ಗೆ ನಾವು ಬೆಳ್ಕಂಡಿದ್ವಿ. ಅಳಬ್ಯಾಡ, ಇನ್ನೊಂದು ಒಬ್ಬಟ್ಟು ತಿನ್ನು.’

ಮೇಡಂ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಬಂದ ನಗು ಇದೆಯಲ್ಲ, ಅದು ಮೊದಲು ಅವರ ಭುಜಗಳಲ್ಲಿ ಶುರುವಾಗಿ, ಪಕ್ಕದಲ್ಲಿದ್ದ ಸುಶೀಲಳಿಗೆ ಹಬ್ಬಿ, ಚಪ್ಪರದ ತುಂಬ ಹರಡಿತು. ಅಜ್ಜಿಗೆ ಮಾತ್ರ ಯಾಕೆ ನಗುತ್ತಿದ್ದಾರೆಂದು ಕೊನೆಗೂ ಗೊತ್ತಾಗಲಿಲ್ಲ. ಮೇಡಂ ಎರಡು ಒಬ್ಬಟ್ಟು ತಿಂದರು, ತುಪ್ಪ ಹಾಕಿಸಿಕೊಂಡು.

ವಾಪಸು ಹೊರಡುವ ಹೊತ್ತಿಗೆ ಚೈತ್ರಾಳ ಫೋನು ಬಂತು. ಮೇಡಂ ಚಪ್ಪರದ ಆಚೆ ಹೋಗಿ ಬಹಳ ಹೊತ್ತು ಮಾತಾಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ವಿಚಿತ್ರವಾದ ಗೊಂದಲವಿತ್ತು.

‘ತಿದ್ದಿದ್ರೆ ಇನ್ನೂ ಕೆಡ್ತಿದೆಯಂತೆ ಕಣ್ರೀ.’

‘ಅಂದ್ರೆ?’

‘ನನ್ನ ತಪ್ಪು ಯಾರಿಗೂ ಗೊತ್ತಿರ್ಲಿಲ್ಲ. ಆದ್ರೆ ಗಾಳಿಯವರು, ಬಿಸಿಲಿನವರು, ಎಲ್ಲರೂ ವರ್ಷಾನುಗಟ್ಟಲೆ ತಮ್ಮ ತಮ್ಮ ಲೆಕ್ಕಾನ ನನ್ನದಕ್ಕೆ ಹೊಂದಿಸ್ಕೊಂಡು ಬಂದಿದ್ದಾರೆ. ಈಗ ನಂದೊಂದನ್ನ ಸರಿ ಮಾಡಿದ್ರೆ ಎಲ್ಲರದ್ದೂ ತಪ್ಪತ್ತೆ. ಸುಡೋ ಬೇಸಿಗೇಲೂ ದಿನಾ ತುಂತುರು.’

ಆಳುಗಳು ಅಷ್ಟರಲ್ಲಿ ಚಪ್ಪರ ಬಿಚ್ಚಲು ಬಂದಿದ್ದರು. ‘ನಮ್ಮ ಕಸುಬಲ್ಲೂ ಹಂಗೇ ಮೇಡಂ. ಮೊದಲು ನೆಟ್ಟ ಕಂಬ ಸೊಟ್ಟಗಿದ್ರೆ ಉಳಿದದ್ದನ್ನೆಲ್ಲ ಅದಕ್ಕೆ ಸರಿಯಾಗಿ ಕಟ್ಟಿರ್ತೀವಿ. ಊಟದ ಮಧ್ಯೆ ಅದನ್ನ ನೆಟ್ಟಗೆ ಮಾಡೋಕೆ ಹೋದ್ರೆ ಬೀಗರ ತಲೆ ಮೇಲೇ ಬೀಳೋದು’ ಎಂದೆ.

‘ಇದನ್ನ ಮೀಟಿಂಗಲ್ಲಿ ಹೇಳ್ತೀನಿ. ನಿಮ್ಮ ಹೆಸರು ಮಾತ್ರ ಹಾಕಲ್ಲ’ ಎಂದರು. ಹಳೆಯ ಮೇಡಂ ವಾಪಸು ಬಂದಿದ್ದರು.

ಹೇಳಿದಂತೆಯೇ ಕಚೇರಿಗೆ ಹೋದರು. ಅಲ್ಲಿದ್ದವರ ಎದುರಿಗೆ ನಿಂತು, ತಪ್ಪು ತಮ್ಮದು, ಅದು ಆದದ್ದು ಹೀಗೆ, ಹೊಸ ಹುಡುಗಿಯ ಕೆಲಸದಲ್ಲಿ ಐಬಿಲ್ಲ ಎಂದು ಹೇಳಿದರಂತೆ. ಕೆಲವರು ಹಳೆಯದನ್ನು ಪೂರಾ ಕಿತ್ತುಹಾಕಿ ಎಂದರು. ಕೆಲವರು, ಉಳಿದದ್ದನ್ನೆಲ್ಲ ಒಂದೊಂದಾಗಿ ಹೊಂದಿಸುವವರೆಗೆ ಮುಟ್ಟಬೇಡಿ ಎಂದರು. ಕೊನೆಗೆ ಆದ ತೀರ್ಮಾನ ಇದು: ಸುತ್ತಲಿನ ಪ್ರೋಗ್ರಾಂ ಎಲ್ಲ ಹೊಸ ಭಾಷೆಗೆ ಹೋಗಲಿ, ನಡುವೆ ಮೇಡಂ ಬರೆದ ತುಂಡು ಮಾತ್ರ ಫೋರ್ಟ್ರಾನ್‌ನಲ್ಲೇ, ತಪ್ಪಿನ ಸಮೇತ, ಇದ್ದ ಹಾಗೇ ಇರಲಿ. ನೋಡಿಕೊಳ್ಳುವ ಹೊಣೆ ಚೈತ್ರಾಳದು.

ಮೇಡಂ ಆ ರಾತ್ರಿಯ ಬಸ್ಸಿಗೇ ಹೊರಟು ಬೆಳಗಿನ ಕಾಫಿಗೆ ಸರಿಯಾಗಿ ನಮ್ಮ ಬಾಗಿಲಿಗೆ ಬಂದರು. ಫೋರ್ಟ್ರಾನ್‌ನಲ್ಲಿ ಸಾಲಿನ ಮೊದಲಿಗೆ ಸಿ ಎಂಬ ಅಕ್ಷರ ಹಾಕಿದರೆ ಯಂತ್ರ ಆ ಸಾಲನ್ನು ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರಂತೆ. ಅಂಥ ಒಂದು ಸಾಲನ್ನು ತಾವು ಬರೆದು ಬಂದಿರುವುದಾಗಿ ಹೇಳಿದರು, ಅದೂ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಹಾಕಿ: ‘ಇಲ್ಲಿ ತಪ್ಪಿದೆ, ನನ್ನದು, ಎಲ್ಲರೂ ಇದಕ್ಕೆ ಒರಗಿಕೊಂಡಿದ್ದಾರೆ, ಹೇಳದೆ ಎಳೀಬೇಡಿ.’

‘ಕನ್ನಡ ಬಾರದೋರು ಏನ್ ಮಾಡ್ತಾರೆ?’ ಎಂದೆ.

‘ಚೈತ್ರಾನ ಕೇಳ್ತಾರೆ. ಕೇಳ್ಲಿ. ಆ ನೆಪಕ್ಕಾದ್ರೂ ಅವಳನ್ನ ಮಾತಾಡಿಸ್ಲಿ’ ಎಂದರು.

ಅದಾದ ಮೇಲೆ ಎರಡು ಮಳೆಗಾಲ ಅವರು ನಮ್ಮೊಂದಿಗಿದ್ದರು. ಚೈತ್ರಾ ಬಿಡುವಾದಾಗಲೆಲ್ಲ ಬರುತ್ತಿದ್ದಳು. ತಾರಸಿಯಲ್ಲಿ ಚಾಪೆ ಹಾಸಿ ಇಬ್ಬರೂ ಹಳೆಯ ಪ್ರೋಗ್ರಾಮನ್ನು ಓದುತ್ತಿದ್ದರು. ಸುಶೀಲ ಪಕ್ಕದಲ್ಲಿ ಸಂಡಿಗೆ ಒಣಗಿಸುತ್ತಾ, ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದಳು. ಭಾವನೂ ಬರುತ್ತಿದ್ದರು. ಒಮ್ಮೆ ತಮ್ಮ ಕಾಲೇಜಿಗೆ ಮೇಡಂರನ್ನು ಕರೆದುಕೊಂಡು ಹೋಗಿ ಹುಡುಗರ ಮುಂದೆ ನಿಲ್ಲಿಸಿದರು. ಮೇಡಂ ಅಲ್ಲಿ ಫೋರ್ಟ್ರಾನಿನ ಹಿರಿಮೆ ಹೇಳುವುದನ್ನು ಬಿಟ್ಟು ತಮ್ಮ ತಪ್ಪಿನ ಕಥೆಯನ್ನೇ ಒಂದು ಗಂಟೆ ಹೇಳಿದರಂತೆ. ಅಷ್ಟೊಂದು ನಕ್ಕ ಕ್ಲಾಸನ್ನು ತಾವು ಕಂಡಿಲ್ಲ ಎಂದು ಭಾವ ಹೇಳುತ್ತಾರೆ.

ಒಂದು ಬೆಳಿಗ್ಗೆ ಅವರು ಕಾಫಿಗೆ ಇಳಿದು ಬರಲಿಲ್ಲ. ಸುಶೀಲ ಮೇಲೆ ಹೋದವಳು ಅಲ್ಲಿಂದಲೇ ನನ್ನ ಹೆಸರು ಹಿಡಿದು ಕೂಗಿದಳು. ಮದುವೆಯಾದ ಮೇಲೆ ಅವಳು ನನ್ನ ಹೆಸರು ಹೇಳಿದ್ದು ಅದೇ ಮೊದಲು. ನಿದ್ದೆಯಲ್ಲೇ ಹೋಗಿದ್ದರು.

ಪುಣೆಯಿಂದ ಅವರ ತಮ್ಮ ಬಂದರು. ಮೇಡಂ ಹಾಗಲ್ಲ, ಮಿತಮಾತಿನ ಮನುಷ್ಯ, ಮಂಡಿನೋವು. ಅಸ್ಥಿ ಬಿಡಲು ತಿರುಮಕೂಡಲಿಗೆ ಹೋದೆವು. ನಮ್ಮೂರಿನ ಕಪಿಲೆ ಕಾವೇರಿಯನ್ನು ಸೇರುವುದು ಅಲ್ಲಿಯೇ. ಸುಶೀಲ, ಅಕ್ಕ, ಭಾವ, ನಾನು ಮೆಟ್ಟಿಲ ಮೇಲೆ ನಿಂತಿದ್ದೆವು. ಚೈತ್ರಾ ಬೆಳಗಿನ ರೈಲಿಗೆ ಬಂದಿದ್ದಳು. ಎಲ್ಲರಿಂದ ಸ್ವಲ್ಪ ದೂರದಲ್ಲಿ, ಬೆನ್ನಿನ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ಪುಣೆಯ ತಮ್ಮ ಮಾಡಬೇಕಾದದ್ದನ್ನು ಮಾಡಿ ಮೆಟ್ಟಿಲು ಹತ್ತಿ ಬಂದ ಮೇಲೆ ಪುರೋಹಿತರು ತಲೆಯೆತ್ತಿ, ‘ಇನ್ನು ಯಾರಾದ್ರೂ ನೀರು ಬಿಡೋರು ಇದ್ದೀರಾ?’ ಎಂದು ಕೇಳಿದರು.

ಸುಶೀಲ ಚೈತ್ರಾಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದೆ ನೂಕಿದಳು.

ಪುರೋಹಿತರು ಅವಳ ಜೀನ್ಸನ್ನೂ ಚೀಲವನ್ನೂ ನೋಡಿದರು. ‘ಮಗಳೇನಮ್ಮಾ?’

‘ಅಲ್ಲ.’

‘ತಮ್ಮನ ಮಗಳಾ?’

‘ಅಲ್ಲ.’

‘ಮತ್ತೆ ಏನಾಗ್ಬೇಕು ನಿಂಗೆ ಅವ್ರು?’

ಚೈತ್ರಾ ನಮ್ಮ ಕಡೆ ನೋಡಿದಳು. ನಾನು ಏನಾದರೂ ಹೇಳೋಣವೆಂದುಕೊಂಡೆ, ಸರಿಯಾದ ಪದ ಸಿಗಲಿಲ್ಲ. 

‘ಅವರು ಬರೆದಿದ್ದು ಇನ್ನೂ ನಡೀತಾ ಇದೆ. ಅದನ್ನ ಈಗ ನಾನು ನೋಡ್ಕೊಳ್ತಾ ಇದೀನಿ’ ಎಂದಳು.

ಪುರೋಹಿತರು, ‘ವಾರಸುದಾರಳು ಅಂತ ಹೇಳಮ್ಮ ಹಾಗಾದ್ರೆ. ಬಾ, ಚಪ್ಪಲಿ ಅಲ್ಲೇ ಬಿಟ್ಟು ಬಾ’ ಎಂದು ತಂಬಿಗೆಯನ್ನು ಮುಂದೆ ಚಾಚಿದರು.

ಚೈತ್ರಾ ಚೀಲವನ್ನು ಸುಶೀಲಳ ಕೈಗೆ ಕೊಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ನೀರಿಗೆ ಇಳಿದಳು.